ಅಧ್ಯಕ್ಷರು ಹಾಕದೆ ಹೋದ ಸಹಿ

ಕಳೆದ ಶುಕ್ರವಾರ ನನ್ನ ಹೆಂಡತಿ ಅಡುಗೆಮನೆಯಲ್ಲಿ ಕಣಿಲೆಯ ಭರಣಿಯ ಮುಚ್ಚಳ ತೆಗೆದಳು. ಆಟಿ ತಿಂಗಳಲ್ಲಿ ಎಳೆ ಬಿದಿರನ್ನು ಹೆಚ್ಚಿ ಉಪ್ಪುನೀರಿನಲ್ಲಿ ಹಾಕಿಟ್ಟದ್ದು. ಅವಳ ತಮ್ಮ ವಿಟ್ಲದಿಂದ ಬರುವಾಗ ಐದು ಸುತ್ತು ಪ್ಲಾಸ್ಟಿಕ್ ಸುತ್ತಿ ತಂದಿದ್ದ. ಎಷ್ಟು ಸುತ್ತಿದರೂ ಆ ಹುಳಿ ವಾಸನೆ ಎಲ್ಲಿ ಬಿಡುತ್ತದೆ! ಗಲ್ಫಿನ ಈ ರೂವಿಯ ನಮ್ಮ ಎರಡು ಕೋಣೆಯ ಫ್ಲ್ಯಾಟಿನ ಎ.ಸಿ. ಅದನ್ನು ಮೂಲೆಮೂಲೆಗೂ ಹಂಚಿತು. "ಡ್ಯಾಡಿ, ಪ್ಲೀಸ್, ಕ್ಲೋಸ್ ಇಟ್," ಎಂದು ಮಗಳು ಮೂಗು ಹಿಡಿದುಕೊಂಡು ಕೋಣೆಗೆ ಓಡಿದಳು. ನಾನು ಅಲ್ಲೇ ಬಾಗಿಲಿಗೆ ಒರಗಿ ನಿಂತುಬಿಟ್ಟೆ. ನನಗೆ ಊರು ನೆನಪಾಗಬೇಕಿತ್ತು, ಉಮ್ಮನ ಕೈಯ ಪದಾರ್ಥ ನೆನಪಾಗಬೇಕಿತ್ತು. ನೆನಪಾದದ್ದು ಬೇರೆ ಒಬ್ಬರು.

ನನ್ನ ಟೈಪಿಂಗ್ ಅಂಗಡಿ ಆಗಲೂ ಬಸ್ ನಿಲ್ದಾಣದ ಹಿಂದಿನ ಈ ಗಲ್ಲಿಯಲ್ಲೇ ಇತ್ತು. ವೀಸಾ ಅರ್ಜಿ, ಪಾಸ್‌ಪೋರ್ಟ್ ಅರ್ಜಿ, ರಜೆಯ ಕಾಗದ, ಕಫೀಲನ, ಅಂದರೆ ವೀಸಾ ಕೊಟ್ಟ ಅರಬ್ ಯಜಮಾನನ ಕೈಕಾಲು ಹಿಡಿಯುವ ಮನವಿ, ಇಂಥವನ್ನೆಲ್ಲ ಟೈಪ್ ಮಾಡಿಕೊಡುವುದು ನನ್ನ ಕಸುಬು. ಒಂದು ಗಂಟೆಗೆ ಶಟರ್ ಅರ್ಧ ಇಳಿಸಿ ನಾನು ಬುತ್ತಿ ಬಿಚ್ಚುತ್ತಿದ್ದೆ. ಒಂದು ದಿನ ಹಾಗೆ ಕಣಿಲೆಯ ಬುತ್ತಿ ಬಿಚ್ಚಿದಾಗ ಶಟರಿನ ಕೆಳಗೆ ಒಂದು ಜೋಡಿ ಪಾಲಿಶ್ ಮಾಡಿದ ಶೂ ಕಾಣಿಸಿತು. ಆಮೇಲೆ ಅರವತ್ತೈದು ದಾಟಿದ ಒಬ್ಬ ಗಿಡ್ಡ ಮನುಷ್ಯರು ಬಗ್ಗಿ ಒಳಗೆ ಬಂದರು. ಆ ಸೆಕೆಯಲ್ಲೂ ಕೋಟು. ಬಂದವರು ಕೆಲಸ ಹೇಳಲಿಲ್ಲ, ಗಾಳಿ ಮೂಸಿದರು. "ಇದು ಬಿದಿರಿನದ್ದೇ ಅಲ್ಲವಾ ಭಾಯ್?" ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲಿಯ ತನಕ ನನ್ನ ಬುತ್ತಿಯನ್ನು ಬೈದವರೇ ಎಲ್ಲ, ಗುರುತು ಹಿಡಿದವರು ಅವರೊಬ್ಬರೇ. ಅರ್ಧ ಮುಚ್ಚಳಕ್ಕೆ ಬಡಿಸಿ ಅವರ ಮುಂದಿಟ್ಟೆ.

ನಮ್ಮ ದೇಶದ ಈಶಾನ್ಯ ಮೂಲೆಯ ಒಂದು ಗುಡ್ಡಗಾಡು ಅವರ ಸೀಮೆ. ಅಲ್ಲಿಯ ಬುಡಕಟ್ಟಿನವರಿಗೆ ತಮ್ಮದೇ ಒಂದು ಸ್ವಾಯತ್ತ ಮಂಡಳಿ ಇದೆ. ಇವರು ಎರಡು ಸಲ ಅದರ ಅಧ್ಯಕ್ಷರಾಗಿದ್ದವರು. "ನಮ್ಮಲ್ಲಿಯ ಜಿಲ್ಲಾ ಪಂಚಾಯತಿನ ಹಾಗೆಯಾ ಸಾಬ್?" ಎಂದು ಕೇಳಿದ್ದಕ್ಕೆ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ತಾವಾಗಿಯೇ ಬಂದು ಪಾಠ ಮಾಡಿದರು. ಅಲ್ಲಿ ಜಮೀನು, ಕಾಡು, ನೀರು ಎಲ್ಲ ಮಂಡಳಿಯ ಕೈಯಲ್ಲಿ. ಅಧ್ಯಕ್ಷರ ಸಹಿ ಇಲ್ಲದೆ ಹೊರಗಿನವನು ಒಂದು ಹಿಡಿ ಮಣ್ಣನ್ನೂ ಒಯ್ಯುವಂತಿಲ್ಲವಂತೆ. ಆ ದಿನದಿಂದ ನನಗೂ ಗಲ್ಲಿಯವರಿಗೂ ಅವರು "ಅಧ್ಯಕ್ಷರು" ಆದರು. ತಮಾಷೆಗೆ ಇಟ್ಟ ಹೆಸರು, ಅವರಿಗೆ ಅದು ತಮಾಷೆ ಎಂದು ಗೊತ್ತಾಗಲೇ ಇಲ್ಲ.

ಮೊದಲು ಪ್ರೈಮರಿ ಶಾಲೆಯ ಮೇಷ್ಟ್ರು. ಮಂಡಳಿ ಬೇಕೆಂಬ ಚಳವಳಿ ಎದ್ದಾಗ ಕೆಲಸ ಬಿಟ್ಟು ಹತ್ತು ವರ್ಷ ಗುಡ್ಡ ಹತ್ತಿ ಇಳಿದರು. ಎರಡು ಸಲ ಜೈಲು. ಕೊನೆಗೆ ಮಂಡಳಿ ಬಂತು, ಇವರಿಗೆ ಕುರ್ಚಿ ಬಂತು, ಕುರ್ಚಿಯ ಹಿಂದೆಯೇ ಅವಿಶ್ವಾಸ ನಿರ್ಣಯವೂ ಬಂತು. ಬೆಳಿಗ್ಗೆ ಇವರ ಮನೆಯಲ್ಲಿ ಚಹಾ ಕುಡಿದ ಸದಸ್ಯರು ಸಂಜೆ ಎದುರು ಪಕ್ಷದಲ್ಲಿರುತ್ತಿದ್ದರು. ಇಳಿದರು, ಹತ್ತಿದರು, ಮತ್ತೆ ಇಳಿದರು. ಕೊನೆಯ ಸಲ ಇಳಿದಾಗ ಮನೆಗೆ ಕಲ್ಲು ಬಿತ್ತು. ಹೆಂಡತಿ ತೀರಿಕೊಂಡಿದ್ದರು, ರೂವಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬಳೇ ಮಗಳು, ಬನ್ನಿ ಅಪ್ಪಾ ಎಂದು ಕರೆಸಿಕೊಂಡಳು.

ಮಗಳು ಡ್ಯೂಟಿಗೆ ಹೋದ ಮೇಲೆ ಆ ಫ್ಲ್ಯಾಟಿನಲ್ಲಿ ಅವರಿಗೆ ಗೋಡೆ ಬಿಟ್ಟರೆ ಬೇರೆ ಯಾರೂ ಇಲ್ಲ. ಹಾಗಾಗಿ ನನ್ನ ಅಂಗಡಿಗೆ ಬರತೊಡಗಿದರು. ಬಂದ ಗಿರಾಕಿಗಳಿಗೆಲ್ಲ ಕೈಕುಲುಕುವುದು, ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುವುದು. ಪೇಶಾವರದ ಲಾರಿ ಡ್ರೈವರ್ ಒಬ್ಬ, ಇವರು ಯಾವ ಕಂಪನಿಯ ಏಜೆಂಟರು ಎಂದು ನನ್ನನ್ನು ಗುಟ್ಟಾಗಿ ಕೇಳಿದ್ದ. ಬರಬರುತ್ತಾ ಜನ ಇವರನ್ನೇ ಹುಡುಕಿಕೊಂಡು ಬಂದರು. ಮನವಿಯ ಕಾಗದವನ್ನು ಅವರ ಹಾಗೆ ಬರೆಸಲು ನನಗೆ ಇವತ್ತಿಗೂ ಬರುವುದಿಲ್ಲ. ಎಂಥ ಕಲ್ಲೆದೆಯ ಮ್ಯಾನೇಜರನೂ ಓದಿ ಒಂದು ವಾರ ರಜೆ ಕೊಡಬೇಕು. ನನ್ನ ಕಫೀಲ್, ತಿಂಗಳಿಗೊಮ್ಮೆ ಬಂದು ಕಹ್ವಾ ಕುಡಿದು ಹೋಗುವ ರುಸ್ತಾಕಿನ ಮುದುಕ, ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಅಧ್ಯಕ್ಷರು ಒಮ್ಮೆ ಕಿಟಕಿಯಾಚೆಯ ಬೋಳು ಗುಡ್ಡ ತೋರಿಸಿ, ಅದು ಯಾರದ್ದೆಂದು ಅವನನ್ನು ಕೇಳಿದರು. "ಅಲ್ಲಾಹನದು," ಎಂದ ಮುದುಕ, ಆಮೇಲೆ ಸ್ವಲ್ಪ ಯೋಚಿಸಿ, "ಸರಕಾರದ್ದು," ಎಂದ. ಅಧ್ಯಕ್ಷರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರ ಜನರದ್ದೊಂದು ಪದ್ಧತಿ ಇತ್ತು. ಯಾರಾದರೂ ಮನೆಯೊಳಗೆ ಬಂದು ಒಲೆಯ ಬಳಿ ಕೂತು ಉಂಡರೆ, ಅವನು ಆ ಮನೆಗೆ ಮುಂದೆಂದೂ ಕೇಡು ಮಾಡಲಾರ. ಮಾಡಬಾರದು ಎಂದಲ್ಲ, ಮಾಡಲಾರ. ನಮ್ಮಲ್ಲೂ ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಅಂದರೆ ಬಗೆಯುವವರು ಇದ್ದಾರೆ ಎಂದು ನಮಗೆ ಗೊತ್ತು. ಅವರಲ್ಲಿ ಆ ಅನುಮಾನವೇ ಇಲ್ಲ. ಉಂಡವನ ಮೇಲೆ ದೂರು ಬಂದರೆ ಊರು ಅದನ್ನು ಕೇಳುವುದೇ ಇಲ್ಲವಂತೆ. ಚಳವಳಿಯ ಹತ್ತು ವರ್ಷ ಇವರು ಆ ಗುಡ್ಡಗಳ ಮನೆಮನೆಯಲ್ಲೂ ಉಂಡಿದ್ದರು. "ಅದೇ ನನ್ನ ರಾಜಕೀಯ ಭಾಯ್. ಭಾಷಣ ಗೀಷಣ ಏನೂ ಅಲ್ಲ," ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು…

ಬಂದು ಎಂಟೊಂಬತ್ತು ತಿಂಗಳಾಗಿರಬೇಕು. ಒಂದು ದಿನ ಯಾರ ಕೈಯನ್ನೂ ಕುಲುಕದೆ ಒಳಗೆ ಬಂದು ಒಂದು ಲಕೋಟೆಯನ್ನು ನನ್ನ ಮುಂದಿಟ್ಟರು. ಅವರ ಸೀಮೆಯ ಒಬ್ಬ ವಕೀಲರ ಪತ್ರ. ಅವರು ಅಧ್ಯಕ್ಷರಾಗಿದ್ದಾಗ ಒಂದು ಊರಿನ ಮೇಲಿನ ಸುಣ್ಣಕಲ್ಲಿನ ಗುಡ್ಡವನ್ನು ಒಡೆಯಲು ಒಂದು ಕಂಪನಿಗೆ ಒಪ್ಪಿಗೆ ಹೋಗಿತ್ತು. ಊರಿನ ಹೊಳೆ ಹುಟ್ಟುವುದೇ ಆ ಗುಡ್ಡದಲ್ಲಿ. ಊರವರು ಈ ವಕೀಲರನ್ನು ಹಿಡಿದು ಕೋರ್ಟಿಗೆ ಹೋಗಿದ್ದರು. ಒಪ್ಪಿಗೆಯ ಕೆಳಗೆ ಅಧ್ಯಕ್ಷರ ಸಹಿ ಇತ್ತು, ಜೊತೆಗೆ ನಮಗೂ ಒಪ್ಪಿಗೆ ಎಂಬ ಊರವರ ಹೆಬ್ಬೆಟ್ಟಿನ ಪಟ್ಟಿ. ವಕೀಲರು ಬರೆದದ್ದು ಇಷ್ಟು: "ನಿಮ್ಮ ಸಹಿ ನಕಲಿ ಎಂದು ಊರವರು ಹಟ ಹಿಡಿದಿದ್ದಾರೆ. ನೀವು ಅವರ ಮನೆಗಳಲ್ಲಿ ಉಂಡವರಂತೆ, ಆದ್ದರಿಂದ ನೀವು ಹಾಕಿರಲು ಸಾಧ್ಯವೇ ಇಲ್ಲವಂತೆ. ಈ ವಾದ ಹಿಡಿದರೆ ನಾವು ಸೋಲುತ್ತೇವೆ. ಪಟ್ಟಿಯಲ್ಲಿ ಸತ್ತವರ ಹೆಬ್ಬೆಟ್ಟೂ ಇದೆ. ಸಹಿ ನನ್ನದೇ, ಪಟ್ಟಿಯನ್ನು ನೋಡದೆ ಹಾಕಿದೆ ಎಂದು ನೀವು ಅಫಿಡವಿಟ್ ಕೊಟ್ಟರೆ ಆ ಒಪ್ಪಿಗೆ ಬಿದ್ದುಹೋಗುತ್ತದೆ."

ನಾನು ಓದಿ ಮುಗಿಸಿ ತಲೆ ಎತ್ತಿದೆ. ಅವರೇ ಹೇಳಿದರು, "ನನ್ನದೇ."

ಸಹಿ ಹಾಕಿದ್ದು ಅವಿಶ್ವಾಸ ನಿರ್ಣಯದ ಹಿಂದಿನ ದಿನ. ಸದಸ್ಯರು ಒಬ್ಬೊಬ್ಬರಾಗಿ ಬಂದು, ನನ್ನ ಫೈಲು ಆದರೆ ನನ್ನ ಓಟು ಎನ್ನುತ್ತಿದ್ದರು. ಆಪ್ತ ಸಹಾಯಕ ಎಲ್ಲ ಫೈಲುಗಳಿಗೂ ಸಹಿಯ ಜಾಗದಲ್ಲಿ ಕೆಂಪು ಚೀಟಿ ಅಂಟಿಸಿ ರಾಶಿ ಹಾಕಿದ್ದ. ಇವರು ಚೀಟಿ ನೋಡಿ ಸಹಿ ಹಾಕುತ್ತಾ ಹೋದರು. ಪುಟ ತಿರುಗಿಸಲಿಲ್ಲ. ಹತ್ತು ವರ್ಷ ಕಾಲ್ನಡಿಗೆಯಲ್ಲಿ ಸಂಪಾದಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಬರೆದು ಕೊಟ್ಟರು. ಕುರ್ಚಿ ಉಳಿಯಿತು, ಅದೂ ನಾಲ್ಕೇ ತಿಂಗಳು. ಇಷ್ಟನ್ನೂ ಅವರು ತಗ್ಗಿದ ದನಿಯಲ್ಲಿ ಹೇಳಿದರು, ಮೇಷ್ಟ್ರು ಹಾಜರಿ ಕರೆಯುವ ಹಾಗೆ.

ಅಫಿಡವಿಟ್ ಟೈಪ್ ಮಾಡಲು ಕೂತೆವು. ಮೊದಲನೆಯ ಕರಡಿನಲ್ಲಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು: ಕೆಲಸದ ಒತ್ತಡ, ಅಧಿಕಾರಿಗಳ ಅಚಾತುರ್ಯ, ಮರೆವು. ಎರಡನೆಯದರಲ್ಲಿ ಆಪ್ತ ಸಹಾಯಕನ ಮೇಲೆ ಹೊರೆ. ಮೂರನೆಯದನ್ನು ಓದಿ ಅವರೇ ಹರಿದು ಹಾಕಿದರು. ಐದನೆಯದಕ್ಕೆ ಬಂದಾಗ ಉಳಿದದ್ದು ಅರ್ಧ ಪುಟ. ಸಹಿ ನನ್ನದು, ಪಟ್ಟಿಯನ್ನು ನಾನು ನೋಡಲಿಲ್ಲ, ಸಹಿಗೆ ಮುಂಚೆ ಆ ಊರಿಗೆ ನಾನು ಹೋಗಿ ಕೇಳಲೂ ಇಲ್ಲ, ತಪ್ಪು ನನ್ನದು. ನನ್ನ ಬೆರಳುಗಳು ಎಷ್ಟೋ ಸಾವಿರ ಕಾಗದ ಟೈಪ್ ಮಾಡಿವೆ, ಅಷ್ಟು ನೆಟ್ಟಗಿನದ್ದನ್ನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ರಾಯಭಾರ ಕಚೇರಿಯ ಅಧಿಕಾರಿಯ ಎದುರು ಸಹಿ ಹಾಕಬೇಕಿತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಮಯ ಸಿಕ್ಕಿತು.

ಬುಧವಾರ ಅವರ ಮಗಳು ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಅಂಗಡಿಗೆ ಬಂದಳು. ತೀರಾ ಕಡಿಮೆ ಮಾತಿನವಳು. "ಅಂಕಲ್, ಭಾನುವಾರ ನನಗೆ ರಜೆ ಇಲ್ಲ. ಅಪ್ಪನನ್ನು ನೀವೇ ಕರೆದುಕೊಂಡು ಹೋಗಿ. ಒಬ್ಬರೇ ಹೋದರೆ ಅರ್ಧ ದಾರಿಯಿಂದ ತಿರುಗಿ ಬರುತ್ತಾರೆ," ಎಂದಳು. ಆ ಕಾಗದದಿಂದ ಅಪ್ಪನ ಮೇಲೆ ಕೇಸು ಬೀಳಬಹುದು, ಗೊತ್ತಲ್ಲವಾ ಎಂದು ಕೇಳಿದೆ. ಗೊತ್ತು ಎಂದಳು. "ಅವರು ರಾತ್ರಿ ನಿದ್ದೆ ಮಾಡಿ ಎಷ್ಟು ವರ್ಷವಾಯಿತೋ ನಿಮಗೆ ಗೊತ್ತಿಲ್ಲ ಅಂಕಲ್." ನಾನು ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ.

ಗುರುವಾರ ಮಧ್ಯಾಹ್ನ ಅಧ್ಯಕ್ಷರು ಶಟರಿನ ಕೆಳಗಿನಿಂದ ಬಗ್ಗಿ ಬಂದಾಗ ಹತ್ತು ವರ್ಷ ಚಿಕ್ಕವರಾಗಿದ್ದರು. ಊರಿನಿಂದ ಫೋನು. ಮಂಡಳಿಗೆ ಚುನಾವಣೆ ಬಂದಿದೆ, ಪಕ್ಷ ಟಿಕೆಟ್ ಕೊಡುತ್ತದೆ, ಗೆದ್ದರೆ ಅಧ್ಯಕ್ಷರೂ ಇವರೇ. ಷರತ್ತು ಒಂದೇ, ಹಳೆಯ ಸಹಿಗಳ ವಿಷಯ ಎತ್ತಬಾರದು. ಬುತ್ತಿಯ ಮುಂದೆ ಕೂತರು, ತಿನ್ನಲಿಲ್ಲ. "ನೀವು ಏನು ಹೇಳ್ತೀರಿ ಭಾಯ್?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಅವರು ಮಗಳನ್ನು ಕೇಳಬೇಕಿತ್ತು, ಇಲ್ಲವೇ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಅಧ್ಯಕ್ಷರಾದವರು ನನ್ನಂಥವನ ಸಲಹೆ ಕೇಳಿದ್ದು ತಲೆಗೇರಿತು. ಇಪ್ಪತ್ತು ವರ್ಷದ ಗಲ್ಫಿನ ಬದುಕು ನನಗೆ ಕಲಿಸಿದ್ದು ಒಂದೇ ಪಾಠ: ಅರ್ಜಿಯಲ್ಲಿ ಕೇಳದ್ದನ್ನು ಬರೆಯಬಾರದು. ನಿಜ ಬರೆದು ವೀಸಾ ಕಳೆದುಕೊಂಡವರನ್ನು ನಾನು ದಿನವೂ ನೋಡುತ್ತಿದ್ದೆ. "ಸಾಬ್, ಅಫಿಡವಿಟ್ ಕೊಟ್ಟರೆ ಟಿಕೆಟ್ ಹೋಯ್ತು, ಖಲಾಸ್. ಕುರ್ಚಿ ಸಿಕ್ಕಿದರೆ ಆ ಒಪ್ಪಿಗೆಯನ್ನು ನೀವೇ ರದ್ದು ಮಾಡಬಹುದಲ್ಲ? ಮೊದಲು ಕುರ್ಚಿ, ಆಮೇಲೆ ಗುಡ್ಡ," ಎಂದೆ. ಎಂಥ ಬುದ್ಧಿವಂತ ಮಾತು! ಅವರು ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅವರಿಗೆ ಬೇಕಾದದ್ದನ್ನೇ ನಾನು ಹೇಳಿದ್ದೆ ಎಂಬುದು ಆಗಲೇ ನನಗೆ ತಿಳಿಯಬೇಕಿತ್ತು.

ಭಾನುವಾರ ಹತ್ತು ಗಂಟೆಗೆ ನಾನು ಅಂಗಡಿಯಲ್ಲೇ ಇದ್ದೆ. ಅವರು ವಿಮಾನ ನಿಲ್ದಾಣದಲ್ಲಿದ್ದರು. ಅವರ ಮಗಳು ಆಮೇಲೆ ನನ್ನ ಅಂಗಡಿಯ ಕಡೆಗೆ ಬರಲಿಲ್ಲ. ಒಮ್ಮೆ ಲುಲು ಸೂಪರ್‌ಮಾರ್ಕೆಟಿನಲ್ಲಿ ತರಕಾರಿಯ ಬಳಿ ಎದುರಾದಳು. "ಅಪ್ಪ ಗೆದ್ದರು," ಎಂದಳು, ಯಾರದ್ದೋ ರಕ್ತದೊತ್ತಡ ಹೇಳುವ ದನಿಯಲ್ಲಿ.

ಗೆದ್ದದ್ದು ಹೌದು, ಕುರ್ಚಿಯೂ ಸಿಕ್ಕಿತು. ಒಂದೇ ಒಂದು ಸಲ ವಾಟ್ಸಾಪಿನಲ್ಲಿ ಮಾತಾಡಿದರು. ಹಿಂದೆ ಜನರ ಗದ್ದಲ, ಯಾರೋ ಹಾರ ಹಾಕುತ್ತಿದ್ದರು. ಗುಡ್ಡದ ವಿಷಯ ಏನಾಯಿತು ಸಾಬ್ ಎಂದು ಕೇಳಿದೆ. "ಸ್ವಲ್ಪ ಸಮಯ ಬೇಕು ಭಾಯ್. ನನಗೆ ಬೆಂಬಲ ಕೊಟ್ಟ ಐವರು ಆ ಗುಡ್ಡದ ಕಲ್ಲು ಸಾಗಿಸುವ ಗುತ್ತಿಗೆ ಹಿಡಿದವರೇ," ಎಂದರು. ಆಮೇಲೆ ನಾನು ಕಳಿಸಿದ ಈದ್ ಶುಭಾಶಯಕ್ಕೂ ಉತ್ತರ ಬರಲಿಲ್ಲ.

ಉಳಿದದ್ದನ್ನು ನಾನು ಫೋನಿನಲ್ಲಿ ಅವರ ಕಡೆಯ ಸುದ್ದಿಗಳನ್ನು ಹುಡುಕಿ ಓದಿದೆ. ಊರವರು ಸಹಿ ನಕಲಿ ಎಂಬ ವಾದವನ್ನೇ ಹಿಡಿದರು. ವಕೀಲರು ಬೇಡವೆಂದರೂ ಕೇಳಲಿಲ್ಲ. ಉಂಡವರ ಮೇಲೆ ದೂರು ಹೇಳುವುದು ಅವರಿಂದ ಆಗದ ಕೆಲಸ. ಕೋರ್ಟು ಸಹಿಯನ್ನು ತಜ್ಞರಿಗೆ ಕಳಿಸಿತು. ತಜ್ಞರು ಅಸಲಿ ಎಂದರು. ಅರ್ಜಿ ವಜಾ. ಅಷ್ಟು ದಿನವೂ ಅಧ್ಯಕ್ಷರು ಆ ಕೋರ್ಟಿನಿಂದ ಎರಡು ಗಂಟೆಯ ದಾರಿಯಲ್ಲಿ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಊರವರ ನಂಬಿಕೆ ಅವರಿಗೆ ಅನುಕೂಲವಾಗಿತ್ತು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ನನಗೆ ಅವರೆಂದರೆ ಇಷ್ಟ, ಇವತ್ತಿಗೂ.

ಗುಡ್ಡ ಒಡೆಯಲು ಶುರುವಾದ ವರ್ಷವೇ ಇನ್ನೊಂದು ಅವಿಶ್ವಾಸ ನಿರ್ಣಯ ಬಂತು. ಆ ಐವರೂ ಎದುರು ಪಕ್ಷಕ್ಕೆ ಹೋದರು. ಅದಾಗಿ ಕೆಲವೇ ತಿಂಗಳಲ್ಲಿ ಅವರಿಗೆ ಲಕ್ವ ಹೊಡೆದು ಮಾತು ನಿಂತಿತು… ಆಮೇಲೆ ಒಂದು ಚಳಿಗಾಲದಲ್ಲಿ ಹೋಗಿಬಿಟ್ಟರು. ಮಗಳು ಅಷ್ಟರಲ್ಲಿ ನಿಜ್ವಾದ ಆಸ್ಪತ್ರೆಗೆ ಬದಲಾಗಿದ್ದಳು. ಒಂದು ಸಾಲಿನ ಮೆಸೇಜ್ ಕಳಿಸಿದಳು. ನಾನು ಸಾವಿನ ಸುದ್ದಿಗೆ ನಾವು ಹೇಳುವ "ಇನ್ನಾ ಲಿಲ್ಲಾಹಿ" ಬರೆದು, ಅವರು ನಮ್ಮವರಲ್ಲವಲ್ಲ ಎಂದು ಅಳಿಸಿ, ಏನು ಬರೆಯಬೇಕೆಂದು ತಿಳಿಯದೆ ಮತ್ತೆ ಅದನ್ನೇ ಬರೆದೆ. ಅವಳು ಈಗ ಐರ್ಲೆಂಡಿನಲ್ಲಿದ್ದಾಳಂತೆ. ನನಗೆ ಮಾತು ಕೊಡಲು ಬಂತು, ಉಳಿಸಿಕೊಳ್ಳಲು ಬರಲಿಲ್ಲ ಎಂದು ಅವಳಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಹೋದ ತಿಂಗಳು ಅಂಗಡಿಗೆ ಒಬ್ಬರು ಬಂದರು. ನಲವತ್ತೈದರ ಮೇಲಿನವರು, ಹುಬ್ಬಿನ ಮೇಲೆ ಬಿಳಿ ಧೂಳು, ರುಸ್ತಾಕ್ ದಾರಿಯ ಒಂದು ಕಲ್ಲು ಕ್ರಷರಿನಲ್ಲಿ ಕೆಲಸ. ಪಾಸ್‌ಪೋರ್ಟ್ ನವೀಕರಿಸಬೇಕು, ಊರಿನ ವಿಳಾಸ ಬದಲಾಗಿದೆ ಎಂದರು. ಹಳೆಯ ಪಾಸ್‌ಪೋರ್ಟಿನ ಕೊನೆಯ ಪುಟ ತೆರೆದೆ. ಆ ಊರಿನ ಹೆಸರನ್ನು ನಾನು ಐದು ಕರಡುಗಳಲ್ಲಿ ಟೈಪ್ ಮಾಡಿದ್ದೆ, ಒಂದಕ್ಷರ ಮರೆತಿರಲಿಲ್ಲ.

"ಆ ಊರು ಈಗ ಇಲ್ಲ ಸಾಬ್. ಹೈವೇ ಪಕ್ಕದ ಕಾಲೊನಿಯ ಹೆಸರು ಹಾಕಿ," ಎಂದರು. ಹೊಳೆ? ಬತ್ತಿತು. ನೀರು? ಟ್ಯಾಂಕರ್. ನಾನು ಕೀಬೋರ್ಡ್ ನೋಡುತ್ತಲೇ, ನಿಮ್ಮ ಕಡೆಯ ಅಧ್ಯಕ್ಷರೊಬ್ಬರು ಹಿಂದೆ ಇಲ್ಲಿದ್ದರಲ್ಲ ಎಂದೆ.

ಅವರ ಮುಖ ಅರಳಿತು. "ಅವರಾ! ಚಳವಳಿಯ ಕಾಲದಲ್ಲಿ ಮೂರು ದಿನ ನಮ್ಮ ಮನೆಯಲ್ಲೇ ಇದ್ದರು ಸಾಬ್. ನನ್ನ ಅಮ್ಮನ ಕೈಯಿಂದ ಉಂಡವರು. ಅವರ ಸಹಿಯನ್ನು ಯಾರೋ ಕದ್ದು ಹಾಕಿದರು. ಕೋರ್ಟಿಗೆ ಅದು ಅರ್ಥವಾಗಲಿಲ್ಲ. ಎಲ್ಲರೂ ಅವರ ಹೆಸರು ಹೇಳಿಬಿಡಿ, ಗುಡ್ಡ ಉಳಿಯುತ್ತದೆ ಎಂದರು. ನಾವು ಅವರನ್ನು ಬಿಟ್ಟುಕೊಡಲಿಲ್ಲ." ಆ ಮಾತನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗಿತ್ತು. "ನಿಮಗೆ ಅವರ ಪರಿಚಯ ಇತ್ತಾ? ಇಲ್ಲಿ ಏನು ಬರೆಸುತ್ತಿದ್ದರು?"

"ಬಡವರ ಮನವಿಗಳನ್ನು," ಎಂದೆ. ಸುಳ್ಳಲ್ಲ.

ಊರು ಹೋದವರಿಗೆ ಆ ನಂಬಿಕೆಯಾದರೂ ಇರಲಿ, ಅದನ್ನೂ ಕಿತ್ತುಕೊಳ್ಳುವುದು ಬೇಡ ಎಂದು ಬಾಯಿ ಮುಚ್ಚಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಅಧ್ಯಕ್ಷರ ಹೆಸರು ಹೇಳಿದರೆ, ಆ ಗುರುವಾರ ಅವರಿಗೆ ಬುದ್ಧಿ ಹೇಳಿದವನ ಹೆಸರನ್ನೂ ಹೇಳಬೇಕಾಗುತ್ತಿತ್ತು.

ನಮ್ಮೂರಿನ ಇನ್ನೂ ಆರು ಜನ ಅದೇ ಕ್ರಷರಿನಲ್ಲಿದ್ದಾರೆ, ಎಲ್ಲರ ವಿಳಾಸವೂ ಬದಲಾಗಬೇಕು, ನಿಮ್ಮ ಹತ್ತಿರವೇ ಕಳಿಸುತ್ತೇನೆ ಎಂದರು ಅವರು. ಯಲ್ಲಾ, ಕಳಿಸಿ ಎಂದೆ. ವಾರಕ್ಕೊಬ್ಬರಂತೆ ಬರುತ್ತಿದ್ದಾರೆ, ನಾಲ್ವರು ಆದರು. ಅಧ್ಯಕ್ಷರು ಕೂರುತ್ತಿದ್ದದ್ದು ಇಲ್ಲೇ ಎಂದು ಅವರಿಗೆಲ್ಲ ಗೊತ್ತಾಗಿದೆ. ಒಬ್ಬೊಬ್ಬರೂ ಅವರನ್ನು ಹೊಗಳುತ್ತಾರೆ, ಆಮೇಲೆ ನನ್ನ ಕೈ ಹಿಡಿದು, ಪರದೇಶದಲ್ಲಿ ಅವರನ್ನು ನೋಡಿಕೊಂಡ ಒಳ್ಳೆಯ ಮನುಷ್ಯ ನೀವು ಎನ್ನುತ್ತಾರೆ. ಇನ್ನೂ ಇಬ್ಬರು ಬರಲಿಕ್ಕಿದ್ದಾರೆ.